ಬಂದರಿಕೆ ಬೇಲಿ: ಬುಡದಲ್ಲೂ ಹಸಿರು ನಿಲ್ಲಬೇಕಾದರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗಿಡಬೇಲಿಯ ಬಗ್ಗೆ. ನೀರಿಲ್ಲದ ಜಾಗಕ್ಕೆ ಯಾವ ಗಿಡ ಹಾಕಬೇಕು, ಹಾಕಿದ ಬೇಲಿ ಬುಡದಲ್ಲಿ ಯಾಕೆ ಬೋಳಾಗುತ್ತದೆ ಎಂಬ ಎರಡೇ ಪ್ರಶ್ನೆಗಳನ್ನು ಹಲವು ಊರುಗಳವರು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ. ಬಯಲುಸೀಮೆಗೆ ನಮ್ಮ ಮೊದಲ ಆಯ್ಕೆ ಬಂದರಿಕೆ, ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಕರಾವಳಿ ಮತ್ತು ಕೊಡಗಿನವರಿಗೆ ಉತ್ತರ ಬೇರೆಯೇ ಇದೆ.

ಪ್ರಶ್ನೆ: ನಮ್ಮದು ಕಲ್ಲು ಬೆರೆತ ಕೆಂಪು ಮಣ್ಣು. ಮನೆಯ ಮುಂದೆ ಮತ್ತು ಒಂದು ಪಕ್ಕಕ್ಕೆ ಸೇರಿ 120 ಅಡಿ ಬೇಲಿ ಬೇಕು. ಬೋರ್‌ನಲ್ಲಿ ನೀರು ಅಷ್ಟಕ್ಕಷ್ಟೇ. ಎರಡು ಸಲ ಹಾಕಿದ ಡುರಾಂಟ ಬೇಸಿಗೆಯಲ್ಲಿ ಒಣಗಿತು. ಬಂದರಿಕೆ ಹಾಕಿ ಅನ್ನುತ್ತಾರೆ. ಅದು ಯಾವ ಗಿಡ, ಹೇಗೆ ನೆಡಬೇಕು?
– ಓದುಗರು, ಹಿರಿಯೂರು

ಉತ್ತರ: ನೀವು ಅದನ್ನು ನೋಡಿರಲೇಬೇಕು. ಜೋಗಿಮಟ್ಟಿ, ದೇವರಾಯನದುರ್ಗ, ಸಾವನದುರ್ಗ, ಚಾಮುಂಡಿ ಬೆಟ್ಟದ ಕುರುಚಲು ಕಾಡಿನಲ್ಲೆಲ್ಲ ಬಂದರಿಕೆ ತಾನಾಗಿಯೇ ಬೆಳೆದಿದೆ. ಕೆಲವು ಕಡೆ ಬಂದರೆ ಎಂದೂ ಹಂಗರಿಕೆ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಡೊಡೋನಿಯಾ ವಿಸ್ಕೋಸಾ. ಅಂಟುವಾಳದ ಕುಟುಂಬಕ್ಕೆ ಸೇರಿದ್ದು. ಎಲೆ ಬೆರಳುದ್ದ, ಕಿರಿದು, ತೊಟ್ಟಿನ ಕಡೆಗೆ ಸಣ್ಣಗಾಗುತ್ತ ಬರುತ್ತದೆ. ಬಿಸಿಲಿಗೆ ಹಿಡಿದರೆ ವಾರ್ನಿಷ್ ಬಳಿದ ಹಾಗೆ ಹೊಳೆಯುತ್ತದೆ, ಎಳೆ ಕುಡಿಯನ್ನು ಹಿಸುಕಿದರೆ ಬೆರಳಿಗೆ ಅಂಟುತ್ತದೆ. ಕಾಯಿಗೆ ತೆಳ್ಳನೆಯ ರೆಕ್ಕೆಗಳು, ಸಾಮಾನ್ಯವಾಗಿ ಮೂರು. ಬಲಿತಾಗ ನಸುಗೆಂಪಾಗಿ, ಒಣಗಿದ ಮೇಲೆ ಕಂದಾಗುತ್ತವೆ. ಇದಿಷ್ಟು ಗುರುತು ಸಾಕು.

ಎಲೆಯ ಮೇಲಿನ ಆ ಅಂಟೇ ಗಿಡವನ್ನು ಬೇಸಿಗೆಯಲ್ಲಿ ಕಾಯುವುದು. ಎಲೆಯಿಂದ ನೀರು ಆರಿಹೋಗುವುದನ್ನು ಅದು ತಡೆಯುತ್ತದೆ. ಡುರಾಂಟದ ಎಲೆ ತೆಳು, ಬೇರು ಮೇಲುಮೇಲೆ. ವಾರಕ್ಕೆರಡು ಸಲ ನೀರು ಕೊಡಲು ಆಗದಿದ್ದರೆ ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ನಿಲ್ಲುವುದಿಲ್ಲ. ಮೂರನೇ ಸಲ ಪ್ರಯತ್ನ ಮಾಡಬೇಡಿ.

ನೆಡುವ ಕೆಲಸ ಬೇಸಿಗೆಯಲ್ಲೇ ಶುರುವಾಗಬೇಕು. ಮೇ ತಿಂಗಳಲ್ಲಿ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿ. ಬಿಡಿ ಬಿಡಿ ಗುಣಿಗಿಂತ ಉದ್ದಕ್ಕೆ ಕಾಲುವೆಯೇ ಒಳ್ಳೆಯದು, ಬೇರು ಸಾಲಿನುದ್ದಕ್ಕೂ ಸಲೀಸಾಗಿ ಓಡುತ್ತದೆ. ತೋಡುವಾಗ ಮೇಲಿನ ಅರ್ಧ ಅಡಿಯ ಮಣ್ಣನ್ನು ಒಂದು ಪಕ್ಕಕ್ಕೆ, ಕೆಳಗಿನ ಗರಸನ್ನು ಇನ್ನೊಂದು ಪಕ್ಕಕ್ಕೆ ಹಾಕಿಸಿ. ಎರಡು ವಾರ ಬಿಸಿಲು ಬೀಳಲಿ. ಮುಚ್ಚುವಾಗ ಮೇಲ್ಮಣ್ಣು ಕೆಳಗೆ ಹೋಗಬೇಕು. ಅದಕ್ಕೆ ಅಡಿಗೆ 2 ಕೆ.ಜಿ.ಯಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಬೆರೆಸಿ. ನಿಮ್ಮ 120 ಅಡಿಗೆ 240 ಕೆ.ಜಿ. ಗೊಬ್ಬರ, 12 ಕೆ.ಜಿ. ಹಿಂಡಿ ಬೇಕಾಗುತ್ತದೆ. ಹಸಿ ಗೊಬ್ಬರ ಹಾಕಿದರೆ ಗೆದ್ದಲಿಗೆ ಊಟ ಹಾಕಿದಂತೆ, ಮೊದಲ ವರ್ಷದ ಸಸಿಗಳು ಅದರ ಪಾಲಾಗುತ್ತವೆ.

ನೀರು ಕಡಿಮೆ ಇರುವುದರಿಂದ ಒಂದೇ ಸಾಲು ಸಾಕು. ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟರೆ 120 ಸಸಿ ಹಿಡಿಯುತ್ತವೆ. ಸತ್ತದ್ದರ ಜಾಗ ತುಂಬಲು ಇನ್ನೊಂದು ಹದಿನೈದನ್ನು ಚೀಲದಲ್ಲೇ ಬೆಳೆಸಿಟ್ಟುಕೊಳ್ಳಿ. ಹೊರಗಿನಿಂದ ಏನೂ ಕಾಣಬಾರದು ಎನ್ನುವವರು ಎರಡು ಸಾಲು ಹಾಕಬಹುದು: ಸಾಲುಗಳ ನಡುವೆ ಒಂದು ಅಡಿ, ಗಿಡಗಳ ನಡುವೆ ಒಂದೂವರೆ ಅಡಿ, ಹಿಂದಿನ ಸಾಲಿನ ಎರಡು ಗಿಡಗಳ ಸಂದಿಗೆ ಎದುರಾಗಿ ಮುಂದಿನ ಸಾಲಿನ ಗಿಡ. ಗಡಿಗೆರೆಯ ಮೇಲೆಯೇ ನೆಡಬೇಡಿ. ಬಲಿತ ಬೇಲಿ ಎರಡು ಅಡಿ ಅಗಲ ಹಿಡಿಯುತ್ತದೆ, ಅದರ ಆಚೆ ನಿಂತು ಸವರಲು ನಿಮಗೂ ಜಾಗ ಬೇಕು. ಗಡಿಯಿಂದ ಎರಡು ಅಡಿ ಒಳಗೆ ದಾರ ಕಟ್ಟಿ.

ಮೃಗಶಿರಾ ಮಳೆ ಹದವಾಗಿ ಬಿದ್ದ ಮೇಲೆ ನೆಡಿ. ಚೀಲದಲ್ಲಿ ಮಣ್ಣು ಎಷ್ಟು ಮಟ್ಟಕ್ಕಿತ್ತೋ ನೆಲದಲ್ಲೂ ಅಷ್ಟೇ ಇರಲಿ, ಕಾಂಡಕ್ಕೆ ಮಣ್ಣು ಏರಿಸಬೇಡಿ. ಮಳೆ ಕೈಕೊಟ್ಟರೆ ಗಿಡಕ್ಕೆ ವಾರಕ್ಕೊಮ್ಮೆ 4–5 ಲೀಟರ್ ನೀರು. ಮೊದಲ ಬೇಸಿಗೆ ಕಳೆಯುವ ತನಕ ಇಷ್ಟು ಮಾಡಿದರೆ, ಎರಡನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೂ ನಡೆಯುತ್ತದೆ. ಆಮೇಲೆ ಅದರ ಪಾಡಿಗೆ ಅದು.

ಸಸಿಗೆ ಹತ್ತಿರದ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಅಲ್ಲಿಲ್ಲದಿದ್ದರೆ ಬೀಜದಿಂದ ಮಾಡಿಕೊಳ್ಳಬೇಕು, ವಿಧಾನ ಮುಂದಿನ ಉತ್ತರದಲ್ಲಿದೆ. ಕಾಡಿನಿಂದ ಗಿಡ ಕಿತ್ತು ತರುವುದು ತಪ್ಪು, ವ್ಯರ್ಥವೂ ಹೌದು: ತಾಯಿಬೇರು ಕಡಿದ ಬಂದರಿಕೆ ಹತ್ತಕ್ಕೆ ಒಂದೂ ಬದುಕುವುದಿಲ್ಲ ಎಂದೇ ಲೆಕ್ಕ ಹಾಕಿ.

ಪ್ರಶ್ನೆ: ಗುಡ್ಡದ ಕೆಳಗಿನ ಜಮೀನಿನ ಬದುವಿನಲ್ಲಿ ಬಂದರಿಕೆ ಬೀಜ ಆರಿಸಿ ತಂದು ಮಡಿಯಲ್ಲಿ ಹಾಕಿದೆ. ಒಂದೂವರೆ ತಿಂಗಳಾದರೂ ನಾಲ್ಕಾರು ಮಾತ್ರ ಹುಟ್ಟಿವೆ. ಬೀಜ ಜೊಳ್ಳೇ?
– ಓದುಗರು, ಮೈಸೂರು ತಾಲ್ಲೂಕು

ಉತ್ತರ: ಜೊಳ್ಳಿರಲಿಕ್ಕಿಲ್ಲ, ಸಿಪ್ಪೆ ಗಟ್ಟಿ. ಬಂದರಿಕೆಯ ಕಪ್ಪು ಬೀಜದ ಹೊರಸಿಪ್ಪೆಯೊಳಗೆ ನೀರು ಇಳಿಯುವುದಿಲ್ಲ. ಬಿಸಿನೀರಿನ ಉಪಚಾರ ಮಾಡದೆ ಹಾಕಿದರೆ ಒಂದಷ್ಟು ಈ ವರ್ಷ, ಒಂದಷ್ಟು ಮುಂದಿನ ವರ್ಷ ಹೀಗೆ ಬಿಡಿಬಿಡಿಯಾಗಿ ಹುಟ್ಟುತ್ತವೆ. ಕಾಡಿನಲ್ಲಿ ಅದೇ ಅದಕ್ಕೆ ಲಾಭ, ನರ್ಸರಿ ಮಡಿಯಲ್ಲಿ ನಮಗೆ ತೊಂದರೆ.

ಉಳಿದ ಬೀಜವನ್ನು ಹೀಗೆ ಮಾಡಿ. ಒಣಗಿದ ಕಾಯಿಗಳನ್ನು ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ. ಬೀಜ ತೀರ ಸಣ್ಣದು, ಒಂದು ಗ್ರಾಂ ತೂಕಕ್ಕೆ ನೂರರ ಮೇಲೆಯೇ ಬರುತ್ತವೆ. ಹಾಗಾಗಿ 200 ಸಸಿಗೆ ಒಂದು ಚಮಚ ಬೀಜ ಧಾರಾಳವಾಯಿತು. ಮೊದಲು ತಣ್ಣೀರಿನಲ್ಲಿ ಹಾಕಿ ತೇಲಿದ್ದನ್ನು ತೆಗೆದುಹಾಕಿ, ನಿಜವಾದ ಜೊಳ್ಳು ಅದು. ಮುಳುಗಿದ್ದನ್ನು ಸ್ಟೀಲ್ ಲೋಟಕ್ಕೆ ಹಾಕಿ, ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಅದರ ಮೇಲೆ ಸುರಿಯಿರಿ. ಬೀಜದ ಐದು ಪಟ್ಟು ನೀರಿರಲಿ. ಹಾಗೆಯೇ ಆರಲು ಬಿಟ್ಟು ರಾತ್ರಿಯಿಡೀ ನೆನೆಸಿ. ಒಲೆಯ ಮೇಲಿಟ್ಟು ಬೀಜವನ್ನೇ ಕುದಿಸಬೇಡಿ, ಬೆಂದುಹೋಗುತ್ತದೆ.

ಬೆಳಿಗ್ಗೆ ನೋಡಿದರೆ ಉಬ್ಬಿದ ಬೀಜ, ಉಬ್ಬದ ಬೀಜ ಕಣ್ಣಿಗೇ ಬೇರೆಯಾಗಿ ಕಾಣುತ್ತವೆ. ಉಬ್ಬಿದ್ದನ್ನು ಅಂದೇ ಬಿತ್ತಿ. ಉಬ್ಬದೆ ಉಳಿದದ್ದಕ್ಕೆ ಇನ್ನೊಂದು ಸಲ ಬಿಸಿನೀರು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಗೊಬ್ಬರ ಸೇರಿಸಿದ ಮಡಿಯಲ್ಲಿ ಅರ್ಧ ಸೆಂಟಿಮೀಟರ್ ಆಳ ಸಾಕು. ಆಳಕ್ಕೆ ಹಾಕಿದರೆ ಮೊಳಕೆ ಮೇಲೆ ಬರುವ ಮೊದಲೇ ಸೋಲುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಹುಟ್ಟುತ್ತವೆ. ನಾಲ್ಕು ಎಲೆಯಾದಾಗ 4×6 ಇಂಚಿನ ಪಾಲಿಥೀನ್ ಚೀಲಕ್ಕೆ ಒಂದೊಂದಾಗಿ ಬದಲಿಸಿ. ಮೃಗಶಿರಾಕ್ಕೆ ಒಂದು ಅಡಿಯ ಸಸಿ ಕೈಯಲ್ಲಿರಬೇಕಾದರೆ ಜನವರಿ ಕೊನೆಗೆ ಬಿತ್ತನೆ ಮುಗಿದಿರಬೇಕು.

ನಿಮ್ಮ ಈಗಿನ ಮಡಿಯನ್ನು ಕೆಡಿಸಬೇಡಿ. ಮಳೆಗಾಲದಲ್ಲಿ ಅಲ್ಲಿಂದಲೂ ಒಂದಷ್ಟು ಸಸಿ ಸಿಗುತ್ತವೆ.

ಪ್ರಶ್ನೆ: ಬಂದರಿಕೆ ಬೇಲಿಗೆ ಎರಡೂವರೆ ವರ್ಷ. ಐದು ಅಡಿ ಎತ್ತರ ಬಂದಿದೆ, ಮೇಲೆ ದಟ್ಟ ಹಸಿರು. ಆದರೆ ಮೊಣಕಾಲಿನಿಂದ ಕೆಳಗೆ ಬರೀ ಕಡ್ಡಿ. ನಾಯಿ, ಕೋಳಿ ಎಲ್ಲ ಸಲೀಸಾಗಿ ನುಗ್ಗುತ್ತವೆ. ಗೊಬ್ಬರ ಹಾಕಿದರೆ ಕೆಳಗೆ ಚಿಗುರುತ್ತದೆಯೇ?
– ಓದುಗರು, ಗುಬ್ಬಿ

ಉತ್ತರ: ಗೊಬ್ಬರದಿಂದ ಆಗದು. ಮೇಲಿನ ಹಸಿರು ಇನ್ನಷ್ಟು ದಟ್ಟವಾಗಿ ಕೆಳಗಿನ ಕತ್ತಲೆ ಹೆಚ್ಚುತ್ತದೆ, ಅಷ್ಟೇ. ನಿಮ್ಮ ಬೇಲಿಯ ಸಮಸ್ಯೆ ಹಸಿವಲ್ಲ, ನೆರಳು. ಗಿಡಬೇಲಿಯ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಇದೇ ದೂರಿನವು, ಕಾರಣವೂ ಹೆಚ್ಚುಕಡಿಮೆ ಒಂದೇ: ಮೊದಲ ವರ್ಷ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ.

ಸಸಿ ತನ್ನಷ್ಟಕ್ಕೆ ಬೆಳೆದರೆ ತುದಿಯ ಮೊಗ್ಗು ಕೆಳಗಿನ ಮೊಗ್ಗುಗಳನ್ನು ತಡೆದು ನಿಲ್ಲಿಸುತ್ತದೆ. ತುದಿ ಕತ್ತರಿಸಿದ ಕೂಡಲೇ ಅದರ ಕೆಳಗಿನ ಮೂರು ನಾಲ್ಕು ಮೊಗ್ಗುಗಳು ಏಳುತ್ತವೆ. ಎಲ್ಲಿ ಕತ್ತರಿಸುತ್ತೀರೋ ಅದರ ಕೆಳಗೇ ಕವಲು. ಅಂದರೆ ಅರ್ಧ ಅಡಿ ಎತ್ತರದಲ್ಲಿ ಕವಲು ಬೇಕಿದ್ದರೆ ಗಿಡ ಒಂದು ಅಡಿ ಇರುವಾಗಲೇ ಅರ್ಧಕ್ಕೆ ಕತ್ತರಿಸಬೇಕು. ಐದು ಅಡಿಗೆ ಬಂದ ಮೇಲೆ ತಲೆ ಸವರಿದರೆ ನಾಲ್ಕೂಮುಕ್ಕಾಲು ಅಡಿಯಲ್ಲಿ ಕವಲೊಡೆಯುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ.

ಹೊಸದಾಗಿ ನೆಡುವವರು ಹೀಗೆ ಮಾಡಲಿ: ನೆಟ್ಟ ದಿನ ಕತ್ತರಿಸುವುದು ಬೇಡ. ಐದಾರು ವಾರದ ಮೇಲೆ, ಹೊಸ ಚಿಗುರು ಕಂಡು ಬೇರು ಹಿಡಿದಿದೆ ಎಂದು ಖಾತ್ರಿಯಾದಾಗ, ಎಲ್ಲ ಗಿಡವನ್ನೂ ನೆಲದಿಂದ ಅರ್ಧ ಅಡಿಗೆ ಕತ್ತರಿಸಿ. ಕೆಳಗೆ ನಾಲ್ಕಾರು ಎಲೆ ಉಳಿದಿರಲಿ. ಆಮೇಲೆ ಹೊಸ ಕವಲು 6–8 ಇಂಚು ಬೆಳೆದಾಗಲೆಲ್ಲ ಅದರಲ್ಲಿ ಅರ್ಧ ತೆಗೆಯಿರಿ, ತುದಿಯಲ್ಲೂ ಪಕ್ಕದಲ್ಲೂ. ಒಂದು ಸವರಿಗೆ ಬೇಲಿ ಏರುವುದು ಮೂರು ನಾಲ್ಕು ಇಂಚು ಮಾತ್ರ. ಮೊದಲ ವರ್ಷದ ಕೊನೆಗೆ ಒಂದೂವರೆ ಅಡಿ, ಎರಡನೆಯ ವರ್ಷಕ್ಕೆ ಮೂರು ಅಡಿ, ಮೂರನೆಯ ವರ್ಷಕ್ಕೆ ನಾಲ್ಕು ಅಡಿ ಬಂದರೆ ಅದು ಸರಿಯಾದ ವೇಗ. ಪಕ್ಕದ ಮನೆಯವರ ಬೇಲಿ ಅಷ್ಟರಲ್ಲಿ ಆಳೆತ್ತರ ಆಗಿರುತ್ತದೆ. ಆಗಲಿ ಬಿಡಿ.

ಇನ್ನು ಆಕಾರ. ಬೇಲಿಯ ಬುಡ ಅಗಲ, ನೆತ್ತಿ ಕಿರಿದು ಇರಬೇಕು. ನಾಲ್ಕು ಅಡಿ ಎತ್ತರದ ಬೇಲಿಗೆ ಬುಡದಲ್ಲಿ ಎರಡು ಅಡಿ, ನೆತ್ತಿಯಲ್ಲಿ ಒಂದೂಕಾಲು ಅಡಿ ಅಗಲ ಒಳ್ಳೆಯ ಅಳತೆ. ಎರಡೂ ಪಕ್ಕ ಒಳಕ್ಕೆ ವಾಲಿದರೆ ಬೆಳಗಿನ, ಸಂಜೆಯ ಬಿಸಿಲು ಕೆಳಗಿನ ಎಲೆಗೂ ಬೀಳುತ್ತದೆ. ಗೋಡೆಯಂತೆ ನೆಟ್ಟಗೆ ಕತ್ತರಿಸಿದರೂ ಮೇಲಿನ ಬೆಳವಣಿಗೆ ಜೋರಿರುವುದರಿಂದ ಎರಡೇ ತಿಂಗಳಲ್ಲಿ ನೆತ್ತಿ ಹೊರಚಾಚಿ ಕೊಡೆಯಾಗುತ್ತದೆ. ಕಣ್ಣಳತೆಯನ್ನು ನಂಬಬೇಡಿ. ಬೇಲಿಯ ಎರಡು ತುದಿಗೆ ಗೂಟ ಹುಗಿದು, ನೆತ್ತಿಯ ಮಟ್ಟಕ್ಕೊಂದು, ಬುಡದ ಅಂಚಿಗೊಂದು ದಾರ ಎಳೆದು ಕಟ್ಟಿ. ಪಕ್ಕಗಳನ್ನು ಕೆಳಗಿನಿಂದ ಮೇಲಕ್ಕೆ ಸವರುತ್ತ ಬನ್ನಿ, ನೆತ್ತಿ ಕೊನೆಗೆ.

ನಿಮ್ಮ ಬೇಲಿಗೆ ಬರೋಣ. ಮೊದಲು ಬೋಳು ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಆರಿದ್ರಾ ಮಳೆ ಹಿಡಿದ ಮೇಲೆ ನೆತ್ತಿಯನ್ನು ಐದರಿಂದ ಮೂರೂವರೆ ಅಡಿಗೆ ಇಳಿಸಿ, ಒಂದು ಪಕ್ಕವನ್ನು ಮಾತ್ರ ಬಲವಾಗಿ ಒಳಕ್ಕೆ ಸವರಿ. ಇನ್ನೊಂದು ಪಕ್ಕ ಮುಂದಿನ ಮಳೆಗಾಲಕ್ಕೆ ಇರಲಿ. ಯಾವ ಕೊಂಬೆಯನ್ನೂ ಎಲೆಯೇ ಉಳಿಯದ ಹಾಗೆ ಕತ್ತರಿಸಬೇಡಿ. ಹಳೆಯ ದಪ್ಪ ಕಟ್ಟಿಗೆಯ ಮೇಲೆ ಮೊಗ್ಗು ಒಡೆಯುವುದು ಖಾತ್ರಿಯಿಲ್ಲ, ಎಷ್ಟೋ ಸಲ ಆ ಕೊಂಬೆ ಪೂರ್ತಿ ಒಣಗುತ್ತದೆ. ಬಿಸಿಲು ಬಿದ್ದ ಮೇಲೆ ಕಾಂಡದಲ್ಲಿ ಚಿಗುರು ಕಂಡರೆ ಎರಡು ಇಂಚಾದಾಗಲೇ ತುದಿ ಚಿವುಟಿ. ಮಳೆಗಾಲ ಮುಗಿದರೂ ಮೊಣಕಾಲಿನ ಕೆಳಗೆ ಏನೂ ಹೊರಡದಿದ್ದರೆ ಬೋಳು ಸಾಲಿನ ಮುಂದೆ ಒಂದು ಅಡಿ ಬಿಟ್ಟು ಹೊಸ ಸಸಿಗಳ ಸಾಲು ಹಾಕುವುದೇ ದಾರಿ. ಆ ಸಾಲನ್ನು ಎರಡು ಅಡಿಗಿಂತ ಮೇಲೆ ಬಿಡಬೇಡಿ.

ಮಾರ್ಚ್‌ನಿಂದ ಮೇ ತನಕ ದೊಡ್ಡ ಸವರು ಬೇಡ. ಒಳಗಿನ ಎಳೆ ಎಲೆಗೆ ಒಮ್ಮೆಲೇ ಬಿಸಿಲು ಬಡಿದು ಸುಟ್ಟುಹೋಗುತ್ತದೆ. ವರ್ಷಕ್ಕೆ ಎರಡೇ ಸಲ ಸವರಲು ಸಾಧ್ಯ ಎನ್ನುವವರು ಆರಿದ್ರಾದಲ್ಲೊಮ್ಮೆ, ಹಸ್ತ–ಚಿತ್ತಾ ಮಳೆಯ ಹೊತ್ತಿಗೆ ಇನ್ನೊಮ್ಮೆ ಇಟ್ಟುಕೊಳ್ಳಿ.

ಪ್ರಶ್ನೆ: ಬೇಲಿಗೆ ಡ್ರಿಪ್ ಹಾಕಿಸಿ ದಿನಾ ಒಂದು ಗಂಟೆ ನೀರು ಬಿಡುತ್ತಿದ್ದೇವೆ, ತಿಂಗಳಿಗೊಮ್ಮೆ ಯೂರಿಯಾ ಕೂಡ. ಆದರೂ ಬಂದರಿಕೆ ಸಸಿಗಳು ಒಂದೊಂದಾಗಿ ಬಾಡಿ ಸಾಯುತ್ತಿವೆ. ನಮ್ಮದು ಎರೆಭೂಮಿ.
– ಓದುಗರು, ರಾಣೆಬೆನ್ನೂರು

ಉತ್ತರ: 'ಆದರೂ' ಅಲ್ಲ, ಅದರಿಂದಲೇ. ಸತ್ತ ಸಸಿಯೊಂದನ್ನು ಕಿತ್ತು ನೋಡಿ. ಮಣ್ಣಿಗೆ ತಾಗುವ ಕಡೆ ತೊಗಟೆ ಕಪ್ಪಾಗಿ, ಎಳೆದರೆ ಸಿಪ್ಪೆ ಸುಲಿದು ಬಂದರೆ ಬುಡ ಕೊಳೆತಿದೆ. ಬೇರು ಕೊಳೆತ ಗಿಡಕ್ಕೆ ನೀರು ಎಳೆಯಲು ಆಗದು, ಹಾಗಾಗಿ ಒದ್ದೆ ಮಣ್ಣಿನಲ್ಲೇ ನಿಂತು ಬಾಡುತ್ತದೆ. ಬಾಡಿತೆಂದು ನೀವು ಮತ್ತಷ್ಟು ನೀರು ಬಿಡುತ್ತೀರಿ.

ಎರೆಮಣ್ಣು ನೀರು ಹಿಡಿದಿಡುತ್ತದೆ, ಬಂದರಿಕೆ ಕಲ್ಲುಗುಡ್ಡದ ಗಿಡ. ಇಂದೇ ಡ್ರಿಪ್ ನಿಲ್ಲಿಸಿ. ಬೆರಳು ಚುಚ್ಚಿದರೆ ಎರಡು ಇಂಚು ಆಳದವರೆಗೆ ಒಣಗಿರುವುದು ಗೊತ್ತಾದ ಮೇಲಷ್ಟೇ ಮತ್ತೆ ನೀರು. ಗಂಟೆಗೆ 2 ಲೀಟರ್ ಬೀಳುವ ಡ್ರಿಪ್ಪರ್ ಇದ್ದರೆ ವಾರಕ್ಕೊಮ್ಮೆ ಎರಡು ಗಂಟೆ, ಅದೂ ಮಳೆಯಿಲ್ಲದ ವಾರ ಮಾತ್ರ. ಡ್ರಿಪ್ಪರನ್ನು ಕಾಂಡದಿಂದ ಒಂದು ಗೇಣು ದೂರ ಸರಿಸಿ. ಖಾಲಿಯಾದ ಜಾಗಕ್ಕೆ ಹೊಸ ಸಸಿ ಹಾಕುವ ಮೊದಲು ಆ ಸಾಲಿಗೆ ಗರಸು ಮತ್ತು ಮರಳು ಬೆರೆಸಿ ಮುಕ್ಕಾಲು ಅಡಿ ಎತ್ತರದ ಏರು ಮಾಡಿ, ಅದರ ನೆತ್ತಿಯ ಮೇಲೆ ನೆಡಿ. ಪಕ್ಕದಲ್ಲಿ ನೀರು ಹರಿದುಹೋಗಲು ಬಸಿಗಾಲುವೆ ಇರಲಿ.

ಯೂರಿಯಾ ಪೂರ್ತಿ ಬಿಡಿ. ಅದರಿಂದ ಬರುವ ಕುಡಿ ಉದ್ದ, ಮೆತ್ತಗೆ. ಗಂಟಿನಿಂದ ಗಂಟಿಗೆ ದೂರ ಹೆಚ್ಚುವುದರಿಂದ ಬೇಲಿ ಬಿರಿಬಿರಿಯಾಗುತ್ತದೆ, ಶಲ್ಕ ಕೀಟವೂ ಅಂಥ ಕುಡಿಯನ್ನೇ ಹುಡುಕುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು, ಅಡಿಗೆ ಒಂದು ಕೆ.ಜಿ. ಕೊಟ್ಟಿಗೆ ಗೊಬ್ಬರ ಸಾಕು.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನ ಡುರಾಂಟ ಬೇಲಿಯ ಮೇಲೆ ಹಳದಿ ನೂಲಿನಂಥ ಬಳ್ಳಿ ಹಬ್ಬಿದೆ. ಎಷ್ಟು ಕಿತ್ತರೂ ಮತ್ತೆ ಬರುತ್ತಿದೆ. ಬುಡ ಹುಡುಕಿದರೆ ನೆಲದಲ್ಲಿ ಬೇರೇ ಇಲ್ಲ!
– ಓದುಗರು, ಬೆಂಗಳೂರು

ಉತ್ತರ: ಬೇರು ಇರುವುದಿಲ್ಲ. ಅದು ಕಸ್ಕ್ಯೂಟ, ಆಕಾಶಬಳ್ಳಿ ಎಂದೂ ಕರೆಯುತ್ತಾರೆ. ಬೀಜದಿಂದ ಹುಟ್ಟಿದಾಗ ಚಿಕ್ಕ ಬೇರಿರುತ್ತದೆ. ಆಸರೆ ಗಿಡ ಸಿಕ್ಕಿದ ಮೇಲೆ ಅದು ಒಣಗಿ, ಬಳ್ಳಿ ಪೂರ್ತಿ ಆ ಗಿಡದ ರಸದ ಮೇಲೆಯೇ ಬದುಕುತ್ತದೆ. ಕೊಂಬೆಗೆ ಸುತ್ತಿದ ಕಡೆ ಬಳ್ಳಿಯನ್ನು ಮೆಲ್ಲಗೆ ಎತ್ತಿ ನೋಡಿ, ಸಾಲಾಗಿ ಸಣ್ಣ ಸಣ್ಣ ಗುಬುಟು ಕಾಣುತ್ತವೆ. ಅವು ತೊಗಟೆಯೊಳಗೆ ಇಳಿದಿರುತ್ತವೆ. ನೀವು ಕೀಳುವಾಗ ನೂಲು ಕೈಗೆ ಬರುತ್ತದೆ, ಗುಬುಟು ಅಲ್ಲೇ ಉಳಿಯುತ್ತದೆ. ಅಲ್ಲಿಂದಲೇ ಮತ್ತೆ ಹೊರಡುತ್ತದೆ.

ಆದ್ದರಿಂದ ಬಳ್ಳಿಯನ್ನಲ್ಲ, ಬಳ್ಳಿ ಸುತ್ತಿದ ಕೊಂಬೆಯನ್ನೇ ತೆಗೆಯಬೇಕು. ಕೊನೆಯ ಸುತ್ತಿಗಿಂತ ಅರ್ಧ ಅಡಿ ಕೆಳಗೆ ಕತ್ತರಿಸಿ. ಕೆಳಗೆ ಗೋಣಿತಾಟು ಹಾಸಿಕೊಂಡು ಕತ್ತರಿಸಿದರೆ ತುಂಡುಗಳು ಬೇಲಿಯೊಳಗೆ ಬೀಳುವುದಿಲ್ಲ. ಬೆರಳುದ್ದದ ತುಂಡು ಹಸಿ ಕೊಂಬೆಯ ಮೇಲೆ ಬಿದ್ದರೂ ಅಲ್ಲಿ ಹೊಸ ಬಳ್ಳಿ. ಬಿಳಿ ಹೂ ಬಿಡುವ ಮೊದಲೇ ಈ ಕೆಲಸ ಮುಗಿಯಬೇಕು, ಬೀಜ ಒಮ್ಮೆ ಉದುರಿದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕದೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿಟ್ಟು ಪೂರ್ತಿ ಒಣಗಿಸಿ. ಮೂರು ತಿಂಗಳು, ವಾರಕ್ಕೊಮ್ಮೆ ಸುತ್ತಿ ಬಂದು ನೋಡಿ. ಕಳೆನಾಶಕ ಹೊಡೆದರೆ ಬಳ್ಳಿಯ ಜೊತೆ ಬೇಲಿಯೂ ಹೋಗುತ್ತದೆ.

ಪಾರ್ಕಿನಲ್ಲಿ ಮಕ್ಕಳು ಆಡುತ್ತಾರೆಂದರೆ ಇನ್ನೊಂದು ಮಾತು: ಡುರಾಂಟದ ಹಳದಿ ಹಣ್ಣು ವಿಷ. ಸರಿಯಾಗಿ ಸವರುತ್ತಿದ್ದರೆ ಹೂವೂ ಇಲ್ಲ, ಹಣ್ಣೂ ಇಲ್ಲ.

ಪ್ರಶ್ನೆ: ಕಿತ್ತಳೆ ತೋಟದ ಸುತ್ತ ಕಾಮಿನಿ ಬೇಲಿ ಹಾಕಬೇಕೆಂದಿದ್ದೇನೆ. ಹೂವಿನ ಪರಿಮಳ ಚೆನ್ನ, ಎಲೆ ಸದಾ ಹಸಿರು.
– ಓದುಗರು, ವಿರಾಜಪೇಟೆ

ಉತ್ತರ: ಬೇಡ. ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಎಂಬ ಸಣ್ಣ ರಸ ಹೀರುವ ಕೀಟಕ್ಕೆ ಕಾಮಿನಿಯ ಎಳೆ ಚಿಗುರು ಬಲು ಇಷ್ಟ. ಬೇಲಿ ಸವರಿದಷ್ಟೂ ಹೊಸ ಚಿಗುರು, ಚಿಗುರಿದಷ್ಟೂ ಕೀಟ. ತೋಟದ ಸುತ್ತ ನೀವೇ ಅದನ್ನು ಸಾಕಿದ ಹಾಗಾಗುತ್ತದೆ. ಕರಿಬೇವಿಗೂ ಇದೇ ಕೀಟ ಬರುತ್ತದೆ, ಕಿತ್ತಳೆ ಸಾಲಿನ ಪಕ್ಕ ಅದೂ ಬೇಡ. ದಾಸವಾಳದ ಬೇಲಿ ಹಾಕಿ. ಕಾಮಿನಿಯ ಪರಿಮಳ ಬೇಕೆಂದರೆ ಕಿತ್ತಳೆಯಾಗಲಿ ನಿಂಬೆಯಾಗಲಿ ಇಲ್ಲದ ಊರಿನ ನೆಂಟರ ಮನೆಯಲ್ಲಿ ನೆಡಿಸಿ.

ಪ್ರಶ್ನೆ: ನಮ್ಮ ಕಡೆ ಬಂದರಿಕೆ ಬರುತ್ತದೆಯೇ? ಹೊಸ ಕಂಪೌಂಡಿನ ಪಕ್ಕ ಹಾಕಿದ ಕೇಪಳದ ಸಾಲು ಯಾಕೋ ಹಳದಿಯಾಗಿದೆ.
– ಓದುಗರು, ಕುಂದಾಪುರ

ಉತ್ತರ: ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ನಿಮ್ಮಲ್ಲಿ ಬಂದರಿಕೆ ಬುಡ ಕೊಳೆಯುವುದೇ ಹೆಚ್ಚು. ಕೇಪಳವೇ ನಿಮ್ಮ ಮಣ್ಣಿನ ಗಿಡ, ಅದನ್ನು ಉಳಿಸಿಕೊಳ್ಳಿ.

ಯಾವ ಎಲೆ ಹಳದಿಯಾಗಿದೆ ಎಂದು ನೋಡಿ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆದರೆ ಕಂಪೌಂಡ್ ಕಟ್ಟುವಾಗ ಬುಡದಲ್ಲಿ ಬಿದ್ದ ಸಿಮೆಂಟ್ ಗಾರೆಯ ಸುಣ್ಣದಂಶ ಮಣ್ಣಿನ ಹುಳಿ ಕಳೆದು ಕಬ್ಬಿಣವನ್ನು ಬೇರಿಗೆ ಸಿಗದಂತೆ ಮಾಡುತ್ತದೆ. ಗೋಡೆ ಬುಡದ ಒಂದು ಅಡಿ ಮಣ್ಣು ಕೆದಕಿ ಗಾರೆಯ ಹೆಂಟೆಗಳನ್ನು ಆರಿಸಿ ಹೊರಹಾಕಿ, ಹೊಸ ಮಣ್ಣು ತುಂಬಿ, ಮೇಲೆ ದರಗು ಹೊದಿಸಿ. ಸದ್ಯಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ, ಬೇಕಾದರೆ ಮತ್ತೊಮ್ಮೆ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟುಕೊಂಡು ಹೊಡೆಯಿರಿ, ಹೊಸ ಬಣ್ಣದ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಹಳೆಯ ಕೆಳಗಿನ ಎಲೆಗಳೇ ಹಳದಿಯಾಗಿದ್ದರೆ ಅದು ಬೇರೆ, ಗೊಬ್ಬರ ಸಾಲದಾಗಿದೆ.

ಪ್ರಶ್ನೆ: ಕುರಿ, ದನದ ಕಾಟ ಬಹಳ. ಬಂದರಿಕೆ ತಡೆಯುತ್ತದೆಯೇ?
– ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ತಿನ್ನುವುದಿಲ್ಲ, ಆದರೆ ನುಗ್ಗುತ್ತವೆ. ಎಲೆಯ ಅಂಟು ಮತ್ತು ಕಹಿಗೆ ಆಡು ಕುರಿ ಬಾಯಿ ಹಾಕುವುದು ಅಪರೂಪ, ಹಾಗಾಗಿ ಸಸಿಗಳಿಗೆ ಮುಳ್ಳು ಮುಚ್ಚುವ ಕೆಲಸ ಕಡಿಮೆ. ಆದರೆ ಗಿಡಕ್ಕೆ ಮುಳ್ಳಿಲ್ಲ, ಬೆನ್ನು ಉಜ್ಜಿಕೊಂಡು ಎಮ್ಮೆಯೊಂದು ದಾಟಿದರೆ ಅಲ್ಲೇ ದಾರಿಯಾಗುತ್ತದೆ. ಹೊಲದ ಬೇಲಿಗೆ ಹೊರಸಾಲಿನಲ್ಲಿ ಸೀಮೆಹುಣಸೆ ಹಾಕಿ. ಬೀಜವನ್ನು ನೇರವಾಗಿ ಒಂದು ಗೇಣಿಗೊಂದರಂತೆ ಮೊದಲ ಮಳೆಗೆ ಊರಿ, ಇದನ್ನೂ ಮೊಣಕಾಲೆತ್ತರದಿಂದಲೇ ಸವರುತ್ತ ಬನ್ನಿ, ಇಲ್ಲದಿದ್ದರೆ ಮರವಾಗುತ್ತದೆ. ಕವಳಿ ಗಿಡವೂ ಆದೀತು. ನಿಧಾನ, ಆದರೆ ಅದರ ಮುಳ್ಳಿಗೆ ಎದುರಿಲ್ಲ, ಉಪ್ಪಿನಕಾಯಿಗೆ ಕಾಯಿಯೂ ಸಿಕ್ಕಿತು. ಬಂದರಿಕೆ ಮನೆಯ ಕಡೆಗಿರಲಿ.

ಇದೇ ಪತ್ರದಲ್ಲಿ ಲಂಟಾನ ಹಾಕಬಹುದೇ ಎಂದೂ ಕೇಳಿದ್ದೀರಿ. ಖಂಡಿತ ಬೇಡ. 19ನೇ ಶತಮಾನದ ಮೊದಲ ಭಾಗದಲ್ಲಿ ಅಂದಕ್ಕೆಂದು ತಂದ ಗಿಡ ಅದು. ಇವತ್ತು ಬಂಡೀಪುರದ ಕಾಡಿನಲ್ಲಿ ಹುಲ್ಲಿನ ಜಾಗವನ್ನೆಲ್ಲ ನುಂಗಿ ಕೂತಿದೆ. ದನ ತಿಂದರೆ ವಿಷ ಬೇರೆ.

ಪ್ರಶ್ನೆ: ಇಲ್ಲಿ ನರ್ಸರಿಗಳಲ್ಲಿ 'ಹಾಪ್ ಬುಷ್' ಎಂದು ಮಾರುವುದು ನಮ್ಮೂರಿನ ಬಂದರಿಕೆಯೇ ತಾನೇ? ಹಸಿರು ಮತ್ತು ನೇರಳೆ ಎರಡು ಬಗೆ ಇವೆ, ಯಾವುದು ತೆಗೆದುಕೊಳ್ಳಲಿ?
– ಓದುಗರು, ಫೀನಿಕ್ಸ್, ಅರಿಜೋನಾ

ಉತ್ತರ: ಅದೇ ಜಾತಿ. ಬಂದರಿಕೆ ಭೂಮಿಯ ಬೆಚ್ಚನೆಯ ಭಾಗಗಳಲ್ಲೆಲ್ಲ ಹರಡಿದೆ, ದಕ್ಷಿಣ ಅರಿಜೋನಾದ ಗುಡ್ಡಗಳಿಗೂ ಅದು ಸ್ಥಳೀಯ ಗಿಡವೇ. ನೇರಳೆ ಎಲೆಯ ಬಗೆ ನ್ಯೂಜಿಲೆಂಡ್ ಮೂಲದ್ದು. ಚಳಿಗೆ ಅದು ಬೇಗ ಸೋಲುತ್ತದೆ, ಸೊನ್ನೆಗಿಂತ ಐದಾರು ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ಕುಡಿ ಸುಡುತ್ತದೆ. ಸ್ಥಳೀಯ ಹಸಿರು ಬಗೆ ಅದಕ್ಕಿಂತ ಗಟ್ಟಿ, ಬೇಲಿಗೆ ಅದನ್ನೇ ಆರಿಸಿ.

ನಿಮ್ಮಲ್ಲಿ ನೆಡುವ ಕಾಲ ಅಕ್ಟೋಬರ್–ನವೆಂಬರ್. ಗುಣಿ ತೋಡಿ ನೀರು ತುಂಬಿಸಿ ಒಂದು ದಿನ ಬಿಡಿ. ನೀರು ನಿಂತೇ ಇದ್ದರೆ ಅಡಿಯಲ್ಲಿ ಸುಣ್ಣದ ಗಟ್ಟಿ ಪದರವಿದೆ, ಅಲ್ಲಿ 'ಕಲೀಚಿ' ಎನ್ನುತ್ತಾರೆ. ಹಾರೆಯಿಂದ ಅದನ್ನು ತೂತು ಮಾಡಿ ನೀರು ಇಳಿಯುವ ಹಾಗೆ ಮಾಡದೆ ಗಿಡ ಇಳಿಸಬೇಡಿ. ಸವರದೆ ಬಿಟ್ಟರೆ ಅದು ಹತ್ತು ಅಡಿ ಮೀರುತ್ತದೆ. ಮರೆಗೆ ಬೇಕಿದ್ದರೆ ನಾಲ್ಕೈದು ಅಡಿಗೊಂದು ನೆಟ್ಟು ಹಾಗೇ ಬಿಡಿ, ರೆಕ್ಕೆಯ ಕಾಯಿಗಳ ಅಂದವೂ ಸಿಗುತ್ತದೆ. ಗಂಡು ಹೆಣ್ಣು ಸಾಮಾನ್ಯವಾಗಿ ಬೇರೆ ಬೇರೆ ಗಿಡ, ಹೆಣ್ಣಿನಲ್ಲಿ ಮಾತ್ರ ಕಾಯಿ. ಕಾಯಿ ಬಿಟ್ಟಿರುವಾಗಲೇ ನರ್ಸರಿಗೆ ಹೋಗಿ ಆರಿಸುವುದು ಸುಲಭ.

ಪ್ರಶ್ನೆ: ದಟ್ಟ ಬೇಲಿಯಲ್ಲಿ ಹಾವು ಸೇರುತ್ತದೆಂದು ಮನೆಯವರು ಬೇಡ ಅನ್ನುತ್ತಾರೆ.
– ಓದುಗರು, ಚನ್ನಪಟ್ಟಣ

ಉತ್ತರ: ಹಾವು ಬರುವುದು ಇಲಿ ಕಪ್ಪೆಗೆ. ಸವರಿದ ಕಸವನ್ನು ಬೇಲಿಯ ಬುಡದಲ್ಲೇ ರಾಶಿ ಹಾಕಬೇಡಿ, ಇಟ್ಟಿಗೆ ಸೌದೆ ಒಟ್ಟಬೇಡಿ, ಕೋಳಿಯ ಕಾಳು ಅಲ್ಲಿ ಚೆಲ್ಲಬೇಡಿ. ಬೇಲಿ ಮತ್ತು ಮನೆಯ ನಡುವೆ ನಾಲ್ಕು ಅಡಿ ಬಯಲು ಇರಲಿ.

ಪ್ರಶ್ನೆ: ಬೇಲಿ ಸವರಲು ಯಂತ್ರ ತೆಗೆದುಕೊಳ್ಳುವುದೋ, ಕೈಕತ್ತರಿ ಸಾಕೋ?
– ಓದುಗರು, ಧಾರವಾಡ

ಉತ್ತರ: 200 ಅಡಿಯ ಒಳಗಿದ್ದರೆ ಉದ್ದ ಹಿಡಿಯ ಕೈಕತ್ತರಿ ಸಾಕು. ಮೊದಲ ಎರಡು ವರ್ಷವಂತೂ ಯಂತ್ರ ಮುಟ್ಟಿಸಬೇಡಿ, ಎಳೆ ಗಿಡದಲ್ಲಿ ಪ್ರತಿ ಕೊಂಬೆಯನ್ನೂ ನೋಡಿ ಕತ್ತರಿಸಬೇಕು. ಪೆನ್ಸಿಲಿಗಿಂತ ದಪ್ಪದ ಕೊಂಬೆಗೆ ಸಿಕೇಚರ್ (ಒಂದೇ ಕೈಯಲ್ಲಿ ಹಿಡಿಯುವ ಕೊಂಬೆಗತ್ತರಿ) ಬಳಸಿ, ಬೇಲಿ ಕತ್ತರಿಯಿಂದ ಜಗಿದರೆ ಅಲಗು ಸಡಿಲವಾಗುತ್ತದೆ. ಬಂದರಿಕೆಯ ಅಂಟು ಅಲಗಿಗೆ ಹಿಡಿದು ಅರ್ಧ ಗಂಟೆಯಲ್ಲೇ ಕತ್ತರಿ ಬಿಗಿಯಾಗುತ್ತದೆ. ಮೊಂಡಾಯಿತೆಂದು ಸಾಣೆಗೆ ಒಯ್ಯುವ ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಿ. ಕೆಲಸ ಮುಗಿದ ಮೇಲೂ ಹಾಗೆಯೇ ಒರೆಸಿ, ತಿರುಗಣೆಗೆ ಎರಡು ಹನಿ ಎಣ್ಣೆ ಬಿಟ್ಟು ತೂಗುಹಾಕಿ.